ಬೆಂಗಳೂರು ಉಳಿಸಿಕೊಳ್ಳದೆ ಹೋದ ಅತಿಥಿ: ಮ್ಯಾಕ್ಸ್ ಬಾರ್ನ್

ಬೆಂಗಳೂರನ್ನು ಬಲ್ಲ ವಾಚಕರಿಗೆ, ಮಲ್ಲೇಶ್ವರದ ಆಚೆ ಯಶವಂತಪುರದ ಹಾದಿಯಲ್ಲಿ ಮರಗಳ ನಡುವೆ ನಿಂತಿರುವ ಕಲ್ಲುಕಟ್ಟಡದ ಗೋಪುರ ಅಪರಿಚಿತವೇನಲ್ಲ. ಕಾಗದಪತ್ರಗಳಲ್ಲಿ ಅದರ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ಹಳೆಯ ಬೆಂಗಳೂರಿಗರ ಬಾಯಲ್ಲಿ ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್'. ಮುಂಬಯಿಯ ಜಮ್‌ಶೆಟ್‌ಜಿ ಟಾಟಾ ಅವರ ದಾನವೂ ಮೈಸೂರು ಸಂಸ್ಥಾನ ಕೊಟ್ಟ ಭೂಮಿಯೂ ಕೂಡಿ 1909ರಲ್ಲಿ ಹುಟ್ಟಿದ ಸಂಸ್ಥೆ ಅದು. ಮುಂಬಯಿಯ ಹಣ, ಕನ್ನಡ ನಾಡಿನ ನೆಲ. ಆದುದರಿಂದ ಮುಂಬಯಿ ಕನ್ನಡಿಗರಾದ ನಮಗೆ ಅದರ ಮೇಲೆ ಎರಡು ಕಡೆಯಿಂದಲೂ ಅಭಿಮಾನವಿರುವುದು ಸಹಜ.

ಆ ಸಂಸ್ಥೆಯಲ್ಲಿ 1935-36ರ ಚಳಿಗಾಲದಲ್ಲಿ ಸುಮಾರು ಆರು ತಿಂಗಳ ಕಾಲ ಒಬ್ಬ ಜರ್ಮನ್ ವಿದ್ವಾಂಸರು ಕೆಲಸ ಮಾಡಿದರು. ಗಣಿತದಲ್ಲಿ ಪಳಗಿ ಭೌತವಿಜ್ಞಾನಕ್ಕೆ ಬಂದವರು; ನಮ್ಮ ಕಾಲದ ಪರಮಾಣು ಶಾಸ್ತ್ರಕ್ಕೆ ತಳಹದಿ ಹಾಕಿದ ಕೆಲವೇ ಮಂದಿಯಲ್ಲಿ ಒಬ್ಬರು. ಹೆಸರು ಮ್ಯಾಕ್ಸ್ ಬಾರ್ನ್. ಸ್ವದೇಶದಿಂದ ಹೊರದೂಡಲ್ಪಟ್ಟಿದ್ದ ಅವರಿಗೆ ಬೆಂಗಳೂರಿನಲ್ಲಿ ಒಂದು ಖಾಯಂ ಹುದ್ದೆ ದೊರೆತಿದ್ದರೆ ಅಲ್ಲಿಯೇ ನೆಲಸುವ ಮನಸ್ಸಿತ್ತು. ಆದರೆ ಹಾಗಾಗಲಿಲ್ಲ. ಏಕಾಗಲಿಲ್ಲ ಎಂಬುದನ್ನು ಊರು ಬಿಟ್ಟು ಬಂದು ಇನ್ನೊಂದು ಊರಿನಲ್ಲಿ ಬಾಳು ಕಟ್ಟಿಕೊಂಡಿರುವ ನಾವು ತಿಳಿಯಬೇಕಾದದ್ದುಂಟು. ಅದಕ್ಕಾಗಿಯೇ ವಿಜ್ಞಾನಿಗಳ ಜೀವನವನ್ನು ಪರಿಚಯಿಸುವ ನಮ್ಮ ಈ ಅಂಕಣದಲ್ಲಿ ಈ ಸಲ ಬಾರ್ನರನ್ನು ಆರಿಸಿಕೊಂಡಿದ್ದೇವೆ.

ಮ್ಯಾಕ್ಸ್ ಬಾರ್ನರು ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಬ್ರೆಸ್ಲೌ ಎಂಬ ಪಟ್ಟಣದಲ್ಲಿ. ಆಗ ಅದು ಜರ್ಮನಿಗೆ ಸೇರಿತ್ತು. ಈಗ ಅದು ಪೋಲೆಂಡಿನಲ್ಲಿದೆ. ತಂದೆ ಗುಸ್ಟಾವ್ ಬಾರ್ನ್ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಅಂಗರಚನಾ ಶಾಸ್ತ್ರದ ಪ್ರಾಧ್ಯಾಪಕರು. ತಾಯಿ ಮಾರ್ಗರೆಟೆ ಬಟ್ಟೆ ಗಿರಣಿಗಳ ಒಡೆತನವಿದ್ದ ಅನುಕೂಲಸ್ಥ ಮನೆತನದವರು. ಮಗುವಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತುವ ಮೊದಲೇ ತಂದೆಯೂ ಇಲ್ಲವಾದರು. ಆದರೆ ಆ ತಂದೆ ಮಗನಿಗೆ ಒಂದು ಒಳ್ಳೆಯ ಬುದ್ಧಿವಾದ ಹೇಳಿ ಹೋಗಿದ್ದರು: ಸೇರಿದ ಕೂಡಲೆ ಒಂದೇ ವಿಷಯಕ್ಕೆ ಕಟ್ಟುಬೀಳಬೇಡ, ನಾಲ್ಕಾರು ವಿಷಯಗಳ ಪಾಠ ಕೇಳು, ಆಮೇಲೆ ನಿರ್ಧರಿಸು ಎಂದು. ಹತ್ತನೆಯ ತರಗತಿ ಮುಗಿಯುವ ಮೊದಲೇ ಮಕ್ಕಳ ಇಡೀ ಬದುಕನ್ನು ನಿರ್ಣಯಿಸಿಬಿಡುವ ಇಂದಿನ ತಂದೆತಾಯಿಗಳು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು.

ಮಗ ಹಾಗೆಯೇ ಮಾಡಿದ. ಬ್ರೆಸ್ಲೌ, ಹೈಡೆಲ್‌ಬರ್ಗ್, ಜೂರಿಚ್ ಎಂದು ಒಂದೊಂದು ಊರಿನಲ್ಲಿ ಪಾಠ ಕೇಳಿದ. ಬ್ರೆಸ್ಲೌನಲ್ಲಿ ರೋಸಾನೆಸ್ ಎಂಬ ಗಣಿತದ ಅಧ್ಯಾಪಕರು ಬೀಜಗಣಿತದ ಒಂದು ಮೂಲೆಯನ್ನು ಪಾಠ ಮಾಡುತ್ತಿದ್ದರು. ಸಂಖ್ಯೆಗಳನ್ನು ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿ, ಆ ಇಡೀ ಚೌಕಟ್ಟನ್ನೇ ಒಂದು ಸಂಖ್ಯೆಯಂತೆ ಕೂಡಿ ಗುಣಿಸುವ ವಿದ್ಯೆ ಅದು. ಈಗಿನ ಪಠ್ಯಪುಸ್ತಕಗಳಲ್ಲಿ ಅದಕ್ಕೆ 'ಮಾತೃಕೆ' ಎಂದು ಹೆಸರು. ಆಗಿನ ಭೌತವಿಜ್ಞಾನಿಗಳಿಗೆ ಅದರಿಂದ ಕಾಸಿನ ಪ್ರಯೋಜನವೂ ಕಾಣುತ್ತಿರಲಿಲ್ಲ. ತರುಣ ಬಾರ್ನರು ಮಾತ್ರ ಕಿವಿಗೊಟ್ಟು ಕೇಳಿದರು. ಇಪ್ಪತ್ತು ವರ್ಷಗಳು ಕಳೆದ ಮೇಲೆ ಆ ಪಾಠ ಹೇಗೆ ಕೈಗೆ ಬಂತೆಂಬುದನ್ನು ಮುಂದೆ ಹೇಳುತ್ತೇವೆ.

ಬ್ರೆಸ್ಲೌನ ಗೆಳೆಯರಿಂದ ಅವರು ಗ್ಯೋಟಿಂಗೆನ್ನಿನ ಕೀರ್ತಿಯನ್ನು ಕೇಳಿದರು. ಆ ಕಾಲಕ್ಕೆ ಗಣಿತ ಕಲಿಯುವವರಿಗೆ ಗ್ಯೋಟಿಂಗೆನ್ ಎಂದರೆ ಕಾಶಿ. ಕ್ಲೈನ್, ಹಿಲ್ಬರ್ಟ್, ಮಿಂಕೋವ್‌ಸ್ಕಿ ಎಂಬ ಮೂವರು ದಿಗ್ಗಜರು ಅಲ್ಲಿದ್ದರು. ಬಾರ್ನರ ಅಚ್ಚುಕಟ್ಟಾದ ಟಿಪ್ಪಣಿಗಳನ್ನು ನೋಡಿ ಹಿಲ್ಬರ್ಟರು ಅವರನ್ನು ತಮ್ಮ ಸಹಾಯಕನನ್ನಾಗಿ ಮಾಡಿಕೊಂಡರು. ಬಳುಕುವ ಪಟ್ಟಿಗಳು ಯಾವಾಗ ಸ್ಥಿರವಾಗಿ ನಿಲ್ಲುತ್ತವೆಂಬ ಪ್ರಶ್ನೆಯ ಮೇಲೆ ಬರೆದ ಪ್ರಬಂಧಕ್ಕೆ ವಿಶ್ವವಿದ್ಯಾನಿಲಯದ ಬಹುಮಾನವೂ ಡಾಕ್ಟರ್ ಪದವಿಯೂ 1906ರಲ್ಲಿ ಬಂದವು. ಮಿಂಕೋವ್‌ಸ್ಕಿಯವರು ತಮ್ಮ ಜೊತೆ ಕೆಲಸ ಮಾಡಲು ಕರೆಸಿಕೊಂಡ ಕೆಲವೇ ವಾರಗಳಲ್ಲಿ, 1909ರ ಜನವರಿಯಲ್ಲಿ, ಕರುಳುಬಾಧೆಯಿಂದ ಹಠಾತ್ತನೆ ತೀರಿಕೊಂಡರು. ಗುರುವಿನ ಅರ್ಧ ಉಳಿದ ಕಾಗದಗಳನ್ನು ಶಿಷ್ಯರು ಓರಣಗೊಳಿಸಿದರು.

ಬಾರ್ನರು ಬಾಳಿನುದ್ದಕ್ಕೂ ಬಿಡದೆ ಹಿಡಿದ ವಿಷಯ ಸ್ಫಟಿಕಗಳದು. ಅಡಿಗೆಯ ಉಪ್ಪಿನ ಹರಳನ್ನು ನೋಡಿ. ಅದರೊಳಗೆ ಪರಮಾಣುಗಳು ಕವಾಯತಿಗೆ ನಿಂತ ಸಿಪಾಯಿಗಳಂತೆ ಸಾಲುಸಾಲಾಗಿ ನಿಂತಿವೆ. ನಿಂತಲ್ಲೇ ಅವು ಸದಾ ನಡುಗುತ್ತಿರುತ್ತವೆ. ಒಂದು ನಡುಗಿದರೆ ಪಕ್ಕದ್ದಕ್ಕೂ ಅದರ ಸೆಳೆತ ತಗಲುತ್ತದೆ. ಹೀಗೆ ಇಡೀ ಹರಳಿನಲ್ಲಿ ಅಲೆಗಳು ಹರಿದಾಡುತ್ತವೆ. ವಸ್ತುವನ್ನು ಕಾಯಿಸಲು ಎಷ್ಟು ಶಾಖ ಬೇಕೆಂಬುದು ಈ ನಡುಕದ ಲೆಕ್ಕದಿಂದ ಹೊರಡುತ್ತದೆ. ಇದನ್ನು ಬಾರ್ನರೂ ಅವರ ಗೆಳೆಯ ಕಾರ್ಮಾನರೂ 1912ರಲ್ಲಿ ತೋರಿಸಿಕೊಟ್ಟರು. ಈ ಸ್ಫಟಿಕದ ನಡುಕವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಬೆಂಗಳೂರಿನ ಪ್ರಸಂಗವಾದ ಮೇಲೆ ಅದು ಮತ್ತೆ ಬರುತ್ತದೆ.

1913ರಲ್ಲಿ ಹೆಡ್‌ವಿಗ್ ಎಂಬ ವಿದ್ಯಾವಂತೆಯೊಡನೆ ವಿವಾಹವಾಯಿತು. ಮನೆಯವರು ಕರೆಯುತ್ತಿದ್ದುದು ಹೆಡಿ ಎಂದು. ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. 1915ರಲ್ಲಿ ಬರ್ಲಿನಿಗೆ ಹೋದಾಗ ಐನ್‌ಸ್ಟೈನರ ಸ್ನೇಹವಾಯಿತು. ಅಲ್ಲಿಂದ ಫ್ರಾಂಕ್‌ಫರ್ಟ್, 1921ರಲ್ಲಿ ಮರಳಿ ಗ್ಯೋಟಿಂಗೆನ್, ಈ ಸಲ ಪ್ರಾಧ್ಯಾಪಕರಾಗಿ. ಮುಂದಿನ ಹನ್ನೆರಡು ವರ್ಷಗಳಲ್ಲಿ ಅವರ ಬಳಿ ಕಲಿತವರ, ಕೆಲಸ ಮಾಡಿದವರ ಪಟ್ಟಿ ನೋಡಿದರೆ ಬೆರಗಾಗುತ್ತದೆ: ಪೌಲಿ, ಹೈಸೆನ್‌ಬರ್ಗ್, ಜೋರ್ಡಾನ್, ಓಪನ್‌ಹೈಮರ್, ಮರಿಯಾ ಗ್ಯೋಪರ್ಟ್. ಇವರಲ್ಲಿ ಮೂವರಿಗೆ ನೊಬೆಲ್ ಪಾರಿತೋಷಕ ಬಂತು.

1925ರ ಬೇಸಗೆಯಲ್ಲಿ ಇಪ್ಪತ್ತಮೂರು ವಯಸ್ಸಿನ ಹೈಸೆನ್‌ಬರ್ಗ್ ಒಂದು ಲೇಖನವನ್ನು ತಂದು ಬಾರ್ನರ ಕೈಗಿತ್ತರು. ಪರಮಾಣುವಿನೊಳಗಿನ ಚಲನೆಗೆ ಹೊಸ ಲೆಕ್ಕವೊಂದು ಅದರಲ್ಲಿತ್ತು. ಅದರಲ್ಲಿ ವಿಚಿತ್ರವಾದ ಒಂದು ಗುಣಾಕಾರವಿತ್ತು. ಬರೆದವರಿಗೇ ಅದರ ಜಾತಕ ತಿಳಿದಿರಲಿಲ್ಲ. ಬಾರ್ನರು ಅದನ್ನು ಯೋಚಿಸುತ್ತ ಯೋಚಿಸುತ್ತ ಒಂದು ದಿನ ಗುರುತು ಹಿಡಿದರು. ಇದು ಬ್ರೆಸ್ಲೌನಲ್ಲಿ ರೋಸಾನೆಸ್ ಮೇಷ್ಟರು ಹೇಳಿಕೊಟ್ಟ ಮಾತೃಕೆಗಳ ಗುಣಾಕಾರವೇ ಅಲ್ಲವೆ!

ಈ ಗುಣಾಕಾರದ ವಿಶೇಷವೇನು? ನಮ್ಮ ಮಗ್ಗಿಯಲ್ಲಿ ಮೂರು ನಾಲ್ಕಲಿ ಹನ್ನೆರಡು, ನಾಲ್ಕು ಮೂರಲಿ ಹನ್ನೆರಡು. ಯಾವುದು ಮೊದಲಾದರೂ ಒಂದೇ. ಮಾತೃಕೆಗಳಲ್ಲಿ ಹಾಗಲ್ಲ, ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತದೆ. ಇದು ನಂಬಲಾಗದ ಮಾತೆಂದು ತೋರಿದರೆ ಮನೆಯ ಮಕ್ಕಳನ್ನು ಕರೆದು ಹೀಗೆ ಮಾಡಿ ತೋರಿಸಿ. ದಪ್ಪ ಪುಸ್ತಕವೊಂದನ್ನು ಮುಖಪುಟ ಮೇಲೆ ಬರುವಂತೆ, ಓದುವುದಕ್ಕೆ ನೇರವಾಗಿ, ಮೇಜಿನ ಮೇಲೆ ನಿಮ್ಮ ಮುಂದೆ ಮಲಗಿಸಿ. ಮೊದಲು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಅದನ್ನು ಕಾಲು ಸುತ್ತು ತಿರುಗಿಸಿ. ಆಮೇಲೆ ನಿಮಗೆ ದೂರವಿರುವ ಅಂಚನ್ನು ಹಿಡಿದೆತ್ತಿ ನೆಟ್ಟಗೆ ನಿಲ್ಲಿಸಿ. ಮುಖಪುಟ ನಿಮ್ಮನ್ನೇ ನೋಡುತ್ತದೆ, ಆದರೆ ಅಕ್ಷರಗಳು ಅಡ್ಡ ಮಲಗಿರುತ್ತವೆ. ಈಗ ಮತ್ತೆ ಮೊದಲಿನಂತೆ ಮಲಗಿಸಿ, ಕ್ರಮವನ್ನು ತಿರುಗು ಮುರುಗು ಮಾಡಿ: ಮೊದಲು ದೂರದ ಅಂಚನ್ನು ಎತ್ತಿ ನಿಲ್ಲಿಸಿ, ಆಮೇಲೆ ನಿಂತ ಪುಸ್ತಕವನ್ನೇ ಗಡಿಯಾರದ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ. ಅಕ್ಷರಗಳು ನೆಟ್ಟಗಿರುತ್ತವೆ, ಆದರೆ ಮುಖಪುಟ ಎಡಗಡೆಯ ಗೋಡೆಯನ್ನು ನೋಡುತ್ತದೆ. ಮಾಡಿದ ಕೆಲಸಗಳು ಅವೇ ಎರಡು. ಕ್ರಮ ಬೇರೆ, ಫಲವೂ ಬೇರೆ.

ಪರಮಾಣುವಿನ ಲೋಕದಲ್ಲಿ ಕಣವಿರುವ ಸ್ಥಳ, ಅದರ ವೇಗದ ಬಲ, ಇವೆರಡರ ಗುಣಾಕಾರವೂ ಇಂಥದೇ ಎಂದು ಬಾರ್ನರು ಕಂಡುಕೊಂಡರು. ಎರಡು ಕ್ರಮಗಳಲ್ಲಿ ಬರುವ ಉತ್ತರಗಳ ವ್ಯತ್ಯಾಸ ಸೊನ್ನೆಯಲ್ಲ. ಎಂದಿಗೂ ಬದಲಾಗದ, ಅತಿ ಸೂಕ್ಷ್ಮವಾದ ಒಂದು ಮೊತ್ತ. ಬಾರ್ನ್, ಹೈಸೆನ್‌ಬರ್ಗ್, ಜೋರ್ಡಾನ್ ಮೂವರೂ ಕೂಡಿ ಆ ವರ್ಷವೇ ಇದನ್ನು ಪೂರ್ಣ ಶಾಸ್ತ್ರವಾಗಿ ಬರೆದರು. ಮರುವರ್ಷ ಬಾರ್ನರು ಇನ್ನೊಂದು ದೊಡ್ಡ ಹೆಜ್ಜೆಯಿಟ್ಟರು. ಒಂದು ಇಲೆಕ್ಟ್ರಾನ್ ಎತ್ತ ಹೋಗುವುದೆಂದು ಮೊದಲೇ ಹೇಳಲು ಬಾರದು. ಇತ್ತ ಹೋಗುವ ಸಂಭವವೆಷ್ಟು, ಅತ್ತ ಹೋಗುವ ಸಂಭವವೆಷ್ಟು ಎಂದು ಮಾತ್ರ ಹೇಳಬಹುದು ಎಂದರು.

ಬೆಳಗಿನ ಲೋಕಲ್ ಗಾಡಿಯಿಂದ ಘಾಟ್ಕೋಪರಿನಲ್ಲಿ ನೂರಕ್ಕೆ ಎಷ್ಟು ಮಂದಿ ಇಳಿಯುವರೆಂದು ದಿನವೂ ನೋಡುವವರು ಸುಮಾರಾಗಿ ಹೇಳಬಲ್ಲರು. ಆದರೆ ಕಿಟಕಿಯ ಬಳಿ ಕುಳಿತ ಈ ಒಬ್ಬ ಮನುಷ್ಯ ಇಳಿಯುವನೋ ಇಲ್ಲವೋ ಹೇಳಲಾರರು. ಅಷ್ಟರ ಮಟ್ಟಿಗೆ ಹೋಲಿಕೆ ಸರಿ. ಆದರೆ ಆ ಮನುಷ್ಯನಿಗಾದರೂ ತಾನು ಎಲ್ಲಿ ಇಳಿಯುವೆನೆಂದು ಗೊತ್ತು. ಇಲೆಕ್ಟ್ರಾನಿನ ವಿಷಯದಲ್ಲಿ ಹಾಗೆ ಗೊತ್ತಿರುವವರು ಯಾರೂ ಇಲ್ಲ; ಪ್ರಕೃತಿಯೇ ಅದನ್ನು ಮೊದಲೇ ನಿರ್ಧರಿಸಿಟ್ಟಿಲ್ಲ. ಈ ಮಾತು ಐನ್‌ಸ್ಟೈನರಿಗೆ ಹಿಡಿಸಲಿಲ್ಲ. ದೇವರು ಪಗಡೆಯಾಡುವುದಿಲ್ಲವೆಂಬ ಅರ್ಥದ ಅವರ ಪ್ರಸಿದ್ಧವಾದ ಆಕ್ಷೇಪ 1926ರ ಡಿಸೆಂಬರಿನಲ್ಲಿ ಬಾರ್ನರಿಗೆ ಬರೆದ ಕಾಗದದಲ್ಲಿಯೇ ಇದೆ. ಇಬ್ಬರೂ ಕೊನೆಯವರೆಗೆ ಒಪ್ಪಲಿಲ್ಲ. ಸ್ನೇಹವೂ ಕೊನೆಯವರೆಗೆ ಕೆಡಲಿಲ್ಲ. ವಿನೋದವೇನೆಂದರೆ, ಸಂಭವವನ್ನು ಕಂಡುಹಿಡಿಯಲು ಅಲೆಯ ಅಳತೆಯನ್ನು ಅದರಿಂದಲೇ ಗುಣಿಸಿ ವರ್ಗ ಮಾಡಬೇಕೆಂಬ ಮುಖ್ಯ ಸಂಗತಿಯನ್ನು ಬಾರ್ನರು ಸೇರಿಸಿದ್ದು ಅಚ್ಚಿನ ಕರಡು ತಿದ್ದುವಾಗ, ಒಂದು ಅಡಿಟಿಪ್ಪಣಿಯಲ್ಲಿ!

ಐವತ್ತು ವರ್ಷ ತುಂಬಿ, ಕೀರ್ತಿ ಶಿಖರ ಮುಟ್ಟಿದ ಹೊತ್ತಿನಲ್ಲಿ ಬರಸಿಡಿಲು ಬಡಿಯಿತು. 1933ರಲ್ಲಿ ಹಿಟ್ಲರನ ಪಕ್ಷ ಅಧಿಕಾರಕ್ಕೆ ಬಂತು. ಏಪ್ರಿಲ್ 7ರಂದು ಹೊಸ ಕಾನೂನು ಹೊರಟಿತು: ಯೆಹೂದ್ಯ ಕುಲದವರು ಸರಕಾರಿ ಹುದ್ದೆಗಳಲ್ಲಿ ಇರಕೂಡದು. ಬಾರ್ನರ ಮನೆತನ ಯೆಹೂದ್ಯ ಮೂಲದ್ದು. ಅವರು ಕ್ರೈಸ್ತ ಧರ್ಮ ಸ್ವೀಕರಿಸಿ ವರ್ಷಗಳಾಗಿದ್ದವು. ಮೊದಲನೆಯ ಮಹಾಯುದ್ಧದಲ್ಲಿ ದೇಶಕ್ಕಾಗಿ ಸೇನೆಯ ಕೆಲಸವನ್ನೂ ಮಾಡಿದ್ದರು. ಅದನ್ನೆಲ್ಲ ಕೇಳುವವರು ಯಾರು? ಏಪ್ರಿಲ್ 25ರಂದು, ಕೆಲಸದಿಂದ ದೂರವಿರಿಸಲಾದವರ ಪಟ್ಟಿಯಲ್ಲಿ ತಮ್ಮ ಹೆಸರನ್ನು ಅವರು ವೃತ್ತಪತ್ರಿಕೆಯಲ್ಲಿ ಓದಿಕೊಂಡರು. ಕೆಲವು ದಿನಗಳಲ್ಲಿಯೇ ಸಂಸಾರ ಕಟ್ಟಿಕೊಂಡು ಇಟಲಿಯ ಬೆಟ್ಟದ ಹಳ್ಳಿಯೊಂದಕ್ಕೆ ಹೋದರು. ಹಿಂದೆ ಹೇಳಿದ ಮೂವರಲ್ಲಿ ಬಾರ್ನರು ಹೀಗೆ ಹೊರದೂಡಲ್ಪಟ್ಟರು. ಹೈಸೆನ್‌ಬರ್ಗ್ ಜರ್ಮನಿಯಲ್ಲಿಯೇ ಉಳಿದರು. ಜೋರ್ಡಾನ್ ಹಿಟ್ಲರನ ಪಕ್ಷವನ್ನೇ ಸೇರಿದರು. ಆ ವರ್ಷದ ನವೆಂಬರಿನಲ್ಲಿ ನೊಬೆಲ್ ಪಾರಿತೋಷಕ ಹೈಸೆನ್‌ಬರ್ಗ್ ಒಬ್ಬರಿಗೇ ಬಂತು. ಮೂವರು ಕೂಡಿ ಮಾಡಿದ ಕೆಲಸಕ್ಕೆ ತಾನೊಬ್ಬನೇ ಗೌರವ ಪಡೆಯುವುದು ಮನಸ್ಸನ್ನು ಚುಚ್ಚುತ್ತಿದೆಯೆಂದು ಶಿಷ್ಯರು ಗುರುಗಳಿಗೆ ಕಾಗದ ಬರೆದರು.

ಇಟಲಿಯಿಂದ ಇಂಗ್ಲೆಂಡಿನ ಕೇಂಬ್ರಿಜ್. ಅಲ್ಲಿ ಸಿಕ್ಕಿದ್ದು ಮೂರು ವರ್ಷಗಳ ತಾತ್ಕಾಲಿಕ ಉಪನ್ಯಾಸಕ ಹುದ್ದೆ. ಜರ್ಮನಿಯಲ್ಲಿ ಒಂದು ಇಡೀ ವಿದ್ಯಾಪೀಠವನ್ನು ನಡೆಸಿದ್ದ ಮನುಷ್ಯ ಇಳಿವಯಸ್ಸಿನ ಹೊಸ್ತಿಲಲ್ಲಿ ಪರಭಾಷೆಯಲ್ಲಿ ಪಾಠ ಹೇಳಲು ಕಲಿತರು. ವಿದ್ಯಾರ್ಥಿಗಳಿಗಾಗಿ ಪರಮಾಣು ಭೌತವಿಜ್ಞಾನದ ಮೇಲೆ ಅವರು ಕೊಟ್ಟ ಗ್ರಂಥ 1935ರಲ್ಲಿ ಇಂಗ್ಲಿಷಿನಲ್ಲಿ ಬಂತು. ನಮ್ಮ ದೇಶದ ಕಾಲೇಜುಗಳಲ್ಲಿಯೂ ಎಷ್ಟೋ ತಲೆಮಾರಿನವರು ಅದನ್ನು ಓದಿದ್ದಾರೆ. ಆದರೆ ಹುದ್ದೆಯ ಅವಧಿ ಮುಗಿಯುತ್ತ ಬಂದಿತ್ತು. ಮುಂದೇನು ಎಂಬ ಚಿಂತೆ ಹತ್ತಿತ್ತು. ಆ ಹೊತ್ತಿಗೆ ಬಂತು ಬೆಂಗಳೂರಿನಿಂದ ಕರೆ.

ಕರೆದವರು ಸರ್ ಸಿ. ವಿ. ರಾಮನ್. 1930ರ ನೊಬೆಲ್ ಪಾರಿತೋಷಕ ಪಡೆದ ರಾಮನ್ನರು 1933ರಲ್ಲಿ ಕಲಕತ್ತೆಯಿಂದ ಬೆಂಗಳೂರಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟಿನ ಮೊದಲನೆಯ ಭಾರತೀಯ ನಿರ್ದೇಶಕರಾಗಿದ್ದರು. ಹಿಟ್ಲರನು ಹೊರಗಟ್ಟುತ್ತಿರುವ ವಿದ್ವಾಂಸರನ್ನು ನಾವೇಕೆ ಬರಮಾಡಿಕೊಳ್ಳಬಾರದು ಎಂಬುದು ಅವರ ದೂರದೃಷ್ಟಿ. ಬಾರ್ನ್ ದಂಪತಿಗಳು ಬಂದರು. ಬೆಂಗಳೂರಿನಲ್ಲಿ ಬಾರ್ನರು ಉಪನ್ಯಾಸಗಳನ್ನು ಕೊಟ್ಟರು. ರಾಮನ್ನರ ಶಿಷ್ಯರೊಡನೆ ಕುಳಿತು ಚರ್ಚಿಸಿದರು. ಅವರಲ್ಲಿ ಎನ್. ಎಸ್. ನಾಗೇಂದ್ರನಾಥ್ ಎಂಬ ಪ್ರತಿಭಾವಂತ ತರುಣರ ಜೊತೆಗೂಡಿ ಬೆಳಕಿನ ಸ್ವರೂಪದ ಬಗ್ಗೆ ಬರೆದ ಲೇಖನಗಳು, ರಾಮನ್ನರು ಆಗತಾನೆ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದವು. ಗಣಿತದ ಬಲದಿಂದ ಭೌತವಿಜ್ಞಾನವನ್ನು ಬೆಳೆಸುವ ಒಂದು ಪೀಠ ಬೆಂಗಳೂರಿನಲ್ಲಿ ಆಗಬೇಕು, ಅದಕ್ಕೆ ಬಾರ್ನರೇ ಖಾಯಂ ಪ್ರಾಧ್ಯಾಪಕರಾಗಬೇಕು ಎಂದು ರಾಮನ್ನರು ಸಂಕಲ್ಪಿಸಿದರು.

ಆ ಪ್ರಸ್ತಾಪ ಸಂಸ್ಥೆಯ ಪ್ರಾಧ್ಯಾಪಕರ ಸಭೆಗೆ ಬಂತು. ಬಾರ್ನರೂ ಸಭೆಯಲ್ಲಿದ್ದರು. ಇಂಗ್ಲೆಂಡಿನಿಂದ ಹೊಸದಾಗಿ ಬಂದಿದ್ದ ವಿದ್ಯುತ್ ತಂತ್ರಶಾಸ್ತ್ರದ ಪ್ರಾಧ್ಯಾಪಕ ಆಸ್ಟನ್ ಎದ್ದು ನಿಂತರು. ಸ್ವಂತ ದೇಶದಿಂದಲೇ ಓಡಿಸಲ್ಪಟ್ಟ ಎರಡನೆಯ ದರ್ಜೆಯ ವಿದೇಶಿಯೊಬ್ಬ ನಮ್ಮ ಸಂಸ್ಥೆಗೆ ತಕ್ಕವನಲ್ಲ ಎಂಬ ಅರ್ಥ ಬರುವಂತೆ ಮಾತನಾಡಿದರು. ಬಾರ್ನ್ ದಂಪತಿಗಳು ಈ ಆಸ್ಟನ್ ಮತ್ತು ಅವರ ಪತ್ನಿಯನ್ನು ಸ್ನೇಹದಿಂದ ಕಂಡವರೇ. ಆ ದಿನ ಮನೆಗೆ ಮರಳಿ ಪತ್ನಿಯ ಮುಂದೆ ತಾವು ಅತ್ತುಬಿಟ್ಟದ್ದಾಗಿ ಬಾರ್ನರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಜರ್ಮನಿಯಲ್ಲಿ ಹೆಸರು ಪಟ್ಟಿಗೆ ಬಿದ್ದಾಗ ಹೊರಟು ಬಂದ ಮನುಷ್ಯ, ಐವತ್ತಮೂರನೆಯ ವಯಸ್ಸಿನಲ್ಲಿ, ಬೆಂಗಳೂರಿನ ಒಂದು ಬಂಗಲೆಯಲ್ಲಿ ಮಗುವಿನಂತೆ ಅತ್ತರು.

ಆಸ್ಟನ್ ಒಬ್ಬರ ಮಾತಿನಿಂದಲೇ ಎಲ್ಲವೂ ಕೆಟ್ಟಿತೆಂದು ಹೇಳಿದರೆ ಪೂರ್ತಿ ನ್ಯಾಯವಾಗದು. ಸಂಸ್ಥೆಯೊಳಗೆ ಆಗಲೇ ಕಿಚ್ಚು ಹತ್ತಿತ್ತು. ಇದ್ದ ಹಣವನ್ನು ಭೌತವಿಜ್ಞಾನದ ಕಡೆಗೇ ರಾಮನ್ನರು ಎಳೆಯುತ್ತಿದ್ದಾರೆಂದು ಬೇರೆ ವಿಭಾಗದವರ ದೂರು. ರಾಮನ್ನರದೂ ಮೃದು ಮಾತಿನ ಸ್ವಭಾವವಲ್ಲ. ಎಲ್ಲರನ್ನೂ ಒಲಿಸಿಕೊಂಡು ಹೋಗುವ ತಾಳ್ಮೆ ಅವರಲ್ಲಿರಲಿಲ್ಲ. 1936ರಲ್ಲಿ ಸರ್ ಜೇಮ್ಸ್ ಅರ್ವಿನ್ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ಬಂತು. 1937ರಲ್ಲಿ ರಾಮನ್ನರು ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ಮಾತ್ರ 1948ರವರೆಗೆ ಅಲ್ಲಿಯೇ ಉಳಿದರು. ಮನೆಯವರ ಜಗಳದಲ್ಲಿ ಮನೆಗೆ ಬಂದ ಅತಿಥಿ ಊಟವಿಲ್ಲದೆ ಎದ್ದು ಹೋದಂತಾಯಿತು. ಗ್ಯೋಟಿಂಗೆನ್ನನ್ನು ಜಗತ್ತಿಗೆಲ್ಲ ಕಾಶಿಯನ್ನಾಗಿ ಮಾಡಿದವರಲ್ಲಿ ಒಬ್ಬರು ನಮ್ಮ ಮಲ್ಲೇಶ್ವರದ ಪಕ್ಕದಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದ್ದರೆ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಬಾರ್ನರು ಕೇಂಬ್ರಿಜಿಗೆ ಮರಳಿದರು. ಮಾಸ್ಕೋದಿಂದಲೂ ಕರೆಯಿತ್ತು. ಅಷ್ಟರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಪೀಠವೊಂದು ತೆರವಾಯಿತು. 1936ರ ಅಕ್ಟೋಬರಿನಲ್ಲಿ ಅಲ್ಲಿ ಸೇರಿದವರು 1953ರವರೆಗೆ, ಹದಿನೇಳು ವರ್ಷ ಅಲ್ಲಿಯೇ ಇದ್ದರು. 1939ರಲ್ಲಿ, ಎರಡನೆಯ ಮಹಾಯುದ್ಧ ಆರಂಭವಾಗುವುದಕ್ಕೆ ಒಂದು ದಿನ ಮೊದಲು, ಬ್ರಿಟಿಷ್ ಪೌರತ್ವ ಕೈಗೆ ಬಂತು. ತಮ್ಮ ಕಷ್ಟವನ್ನು ಮರೆಯದ ಅವರು ಜರ್ಮನಿಯಿಂದ ಓಡಿ ಬಂದವರಿಗೂ ಚೀನದಿಂದ ಬಂದ ವಿದ್ಯಾರ್ಥಿಗಳಿಗೂ ತಮ್ಮ ಬಳಿ ಸ್ಥಳ ಕೊಟ್ಟರು. ಅಣುಬಾಂಬಿನ ಕೆಲಸಕ್ಕೆ ಮಾತ್ರ ಕೈ ಹಾಕಲಿಲ್ಲ.

ಇನ್ನು ಮೊದಲು ಹೇಳಿದ ಸ್ಫಟಿಕದ ವಿಚಾರ. 1940ರ ದಶಕದಲ್ಲಿ ರಾಮನ್ನರು ಬೆಂಗಳೂರಿನಲ್ಲಿ ವಜ್ರದ ಮೇಲೆ ಪ್ರಯೋಗಗಳನ್ನು ನಡೆಸುತ್ತಿದ್ದರು. ಸ್ಫಟಿಕದ ಪರಮಾಣುಗಳು ಗೊತ್ತಾದ ಕೆಲವೇ ಲಯಗಳಲ್ಲಿ ನಡುಗುತ್ತವೆ, ಬಾರ್ನರ ಲೆಕ್ಕ ತಪ್ಪು ಎಂದು ಸಾರಿದರು. ಅಸಂಖ್ಯಾತ ಲಯಗಳು ಒಂದರ ಪಕ್ಕ ಒಂದು ಒತ್ತಾಗಿರುತ್ತವೆ ಎಂಬುದು ಬಾರ್ನರ ವಾದ. ಕರೆದು ಆದರಿಸಿದವರೂ ಆದರಿಸಲ್ಪಟ್ಟವರೂ ಪತ್ರಿಕೆಗಳಲ್ಲಿ ಎದುರಾಳಿಗಳಾದರು. ವಿವಾದ ವರ್ಷಗಟ್ಟಲೆ ನಡೆಯಿತು. ಅದನ್ನು ತೀರಿಸಿದ್ದು ಮಾತಲ್ಲ, ಅಳತೆ. ಪರಮಾಣು ರಿಯಾಕ್ಟರುಗಳಿಂದ ಹೊರಡುವ ನ್ಯೂಟ್ರಾನ್ ಕಣಗಳನ್ನು ಸ್ಫಟಿಕಕ್ಕೆ ಹೊಡೆದು, ಅವು ಚದುರುವ ಬಗೆಯಿಂದ ಒಳಗಿನ ನಡುಕವನ್ನು ನೇರವಾಗಿ ಅಳೆಯುವ ಉಪಾಯ 1950ರ ದಶಕದಲ್ಲಿ ಸಾಧ್ಯವಾಯಿತು. ಕೆನಡಾದ ಬ್ರಾಕ್‌ಹೌಸ್ ಅವರ ಜೊತೆಗೂಡಿ ಜರ್ಮೇನಿಯಂ ಸ್ಫಟಿಕದ ಮೇಲೆ ಇಂಥ ಅಳತೆ ಮಾಡಿದವರು ನಮ್ಮ ಪಿ. ಕೆ. ಅಯ್ಯಂಗಾರರು, ಮುಂದೆ ಟ್ರಾಂಬೆಯಲ್ಲಿ ಈ ವಿದ್ಯೆಯನ್ನು ಬೆಳೆಸಿ, ದೇಶದ ಅಣುಶಕ್ತಿ ಆಯೋಗದ ಅಧ್ಯಕ್ಷರೂ ಆದವರು. ಅಳತೆಗಳೆಲ್ಲ ಬಾರ್ನರ ಕಡೆಗೇ ಸಾಕ್ಷಿ ನುಡಿದವು. ಘಾಟ್ಕೋಪರಿನಿಂದ ಚೆಂಬೂರು ದಾಟಿದರೆ ಸಿಗುವ ಟ್ರಾಂಬೆಗೂ ಬೆಂಗಳೂರಿನ ಈ ಹಳೆಯ ಕಥೆಗೂ ಹೀಗೆ ನಂಟಿದೆ. ರಾಮನ್ನರ ಹಿರಿಮೆಗೆ ಇದರಿಂದ ಕುಂದಿಲ್ಲ. ಯಾರ ವಿಚಾರ ತಮ್ಮದಕ್ಕಿಂತ ಭಿನ್ನವಾಗಿತ್ತೋ ಅಂಥವರನ್ನು ತಮ್ಮ ಊರಿಗೆ ಕರೆದು ಪೀಠ ಕೊಡಿಸಲು ಹೋರಾಡಿದವರು ಅವರೇ ಅಲ್ಲವೆ?

ನಿವೃತ್ತರಾದ ಬಾರ್ನ್ ದಂಪತಿಗಳು ತಮ್ಮನ್ನು ಓಡಿಸಿದ ಜರ್ಮನಿಗೇ ಮರಳಿ, ಬಾಡ್ ಪಿರ್‌ಮಾಂಟ್ ಎಂಬ ಸಣ್ಣ ಊರಿನಲ್ಲಿ ನೆಲಸಿದರು. ದ್ವೇಷವನ್ನು ಬೆಳೆಸಿಕೊಳ್ಳಲಿಲ್ಲ. 1954ರಲ್ಲಿ, ಇಪ್ಪತ್ತೆಂಟು ವರ್ಷಗಳ ಹಿಂದಿನ ಆ ಸಂಭವ ಸಿದ್ಧಾಂತಕ್ಕಾಗಿ, ವಾಲ್ಟರ್ ಬೋಥೆಯವರೊಡನೆ ಹಂಚಿಕೊಂಡು ನೊಬೆಲ್ ಪಾರಿತೋಷಕ ಬಂತು. ಮರುವರ್ಷ ಅಣ್ವಸ್ತ್ರಗಳ ವಿರುದ್ಧ ರಸೆಲ್ ಮತ್ತು ಐನ್‌ಸ್ಟೈನರು ಹೊರಡಿಸಿದ ಮನವಿಗೆ ಅವರೂ ಸಹಿ ಹಾಕಿದರು. 1970ರ ಜನವರಿ 5ರಂದು ಗ್ಯೋಟಿಂಗೆನ್ನಿನಲ್ಲಿ ಕಾಲವಾದರು. ಕ್ರಮ ಬದಲಾದರೆ ಉತ್ತರ ಬದಲಾಗುವ ಆ ಗುಣಾಕಾರದ ಸಮೀಕರಣವನ್ನೇ ಅವರ ಸಮಾಧಿಯ ಕಲ್ಲಿನ ಮೇಲೆ ಕೆತ್ತಿದ್ದ
ಾರೆ. ಅದೇ ವರ್ಷದ ನವೆಂಬರ್ 21ರಂದು ಬೆಂಗಳೂರಿನಲ್ಲಿ ರಾಮನ್ನರೂ ತೀರಿಕೊಂಡರು. ಸಿನಿಮಾ ಸಂಗೀತದಲ್ಲಿ ಆಸಕ್ತಿಯುಳ್ಳ ತರುಣ ವಾಚಕರಿಗೆ ಒಂದು ಮಾತು: 2022ರಲ್ಲಿ ನಿಧನರಾದ ಪ್ರಸಿದ್ಧ ಗಾಯಕಿ ಒಲಿವಿಯಾ ನ್ಯೂಟನ್ ಜಾನ್ ಇದೇ ಬಾರ್ನರ ಹಿರಿಯ ಮಗಳ ಮಗಳು.

ಈ ಕಥೆಯಿಂದ ನಾವು ತಿಳಿಯಬೇಕಾದದ್ದೇನು? 'ಹೊರಗಿನವರು' ಎಂಬ ಮಾತಿನ ಉರಿ ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. 1960ರ ದಶಕದ ಕೊನೆಯಲ್ಲಿ ಈ ನಗರದಲ್ಲಿ ದಕ್ಷಿಣದವರ ವಿರುದ್ಧ ಕೂಗೆದ್ದು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದ ದಿನಗಳನ್ನು ಕಂಡ ಹಿರಿಯರು ನಮ್ಮ ನಡುವೆ ಇದ್ದಾರೆ. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ, ಮರಾಠಿ ಕಲಿತು, ನೆರೆಯವರ ಹಬ್ಬಕ್ಕೆ ಹೋಗಿ, ತಮ್ಮ ಹಬ್ಬಕ್ಕೆ ಅವರನ್ನು ಕರೆದು, ಅವರು ಇಲ್ಲಿಯವರಾದರು. ಅವರನ್ನು ಒಳಗೆ ಕರೆದುಕೊಂಡ ಮರಾಠಿ, ಗುಜರಾತಿ ನೆರೆಯವರೂ ಇದ್ದರೆಂಬುದನ್ನು ಮರೆಯಲಾಗದು. ಆದುದರಿಂದ ಬಾರ್ನರ ಕಣ್ಣೀರು ನಮಗೆ ಅರ್ಥವಾಗುತ್ತದೆ.

ಆದರೆ ಅಷ್ಟಕ್ಕೇ ನಿಲ್ಲಬಾರದು. ಆ ಕಣ್ಣೀರು ಬಿದ್ದದ್ದು ಕನ್ನಡದ ನೆಲದ ಮೇಲೆ. ಆಡಿದವರು ಕನ್ನಡಿಗರಲ್ಲ, ನಿಜ. ಆದರೂ ಇಂದು ಬೆಂಗಳೂರಿಗೆ ನಾಲ್ಕು ದಿಕ್ಕಿನಿಂದ ಜನ ಬರುತ್ತಿದ್ದಾರೆ. ಅವರ ಬಗ್ಗೆ ನಮ್ಮ ನೆಂಟರಿಷ್ಟರು ಮನೆಯಲ್ಲಿ ಏನೇನು ಆಡಿಕೊಳ್ಳುತ್ತಾರೆಂಬುದು ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಕಿವಿಗೆ ಬೀಳದೆ ಇಲ್ಲ. ಬಂದವರು ನೆಲದ ಭಾಷೆಯನ್ನು ಕಲಿಯಲಿ, ಅದನ್ನು ಕೇಳುವ ಹಕ್ಕು ನೆಲದವರಿಗುಂಟು. ನಾವು ಇಲ್ಲಿ ಅದನ್ನೇ ಮಾಡಿದ್ದೇವೆ. ಆದರೆ ಬಂದವರ ಯೋಗ್ಯತೆಯನ್ನು ಅವರು ಎಲ್ಲಿಂದ ಬಂದರು, ಯಾರು ಓಡಿಸಿದರು ಎಂಬುದರಿಂದ ಅಳೆಯುವುದು ಬೇಡ. ಎರಡೂ ಊರಿನ ಅನ್ನ ಉಂಡ ನಾವು ಈ ಮಾತನ್ನು ಅಲ್ಲಿಯೂ ಹೇಳಬೇಕು, ಇಲ್ಲಿಯೂ ಹೇಳಬೇಕು. ನಾವಲ್ಲದೆ ಇನ್ನಾರು ಹೇಳಿಯಾರು?

ಮುಂದಿನ ಮೇ ರಜೆಗೆ ಬೆಂಗಳೂರಿಗೆ ಹೋಗುವ ವಾಚಕರು ಟಾಟಾ ಇನ್‌ಸ್ಟಿಟ್ಯೂಟಿನ ಮುಂದೆ ಹಾದು ಹೋಗುವಾಗ ಮಕ್ಕಳಿಗೆ ಆ ಗೋಪುರವನ್ನು ತೋರಿಸಿ ಬಾರ್ನರ ಹೆಸರನ್ನು ಹೇಳಲಿ. ಪುಸ್ತಕವನ್ನು ತಿರುಗಿಸುವ ಆಟವನ್ನು ಅದಕ್ಕೆ ಮೊದಲೇ ಮನೆಯಲ್ಲಿ ಆಡಿಸಿರಲಿ.